ನಾಬ್‌ಗಳಿಗೊಂದು ಮರದ ಮನೆ

ವೀಣೆಗೆ ಹಲಸಿನ ಮರವೇ ಯಾಕೆ ಎಂದು ಕೇಳಿದರೆ ವೈಣಿಕರು ಯೋಚಿಸದೆ ಉತ್ತರ ಕೊಡುತ್ತಾರೆ: ನಾದಕ್ಕೆ. ತಂತಿಯ ಕಂಪನ ಮರಕ್ಕಿಳಿದು, ಮರ ತಾನೂ ಮಿಡಿದು, ಕೊಡದೊಳಗಿನ ಗಾಳಿ ಅಲುಗಿದಾಗಲೇ ನಮಗೆ ವೀಣೆ ಕೇಳುವುದು. ಎಲೆಕ್ಟ್ರಾನಿಕ್ ಸಂಗೀತಗಾರರ ಮೇಜಿನ ಮೇಲೆ ಕೂರುವ ಕಂಟ್ರೋಲರ್ ಎಂಬ ಪೆಟ್ಟಿಗೆಯ ಕಥೆಯೇ ಬೇರೆ. ತೇಗದಲ್ಲಿ ಮಾಡಿ, ತಗಡಿನಲ್ಲಿ ಮಾಡಿ, ಕೇಳುಗರ ಕಿವಿಗೆ ಕೂದಲೆಳೆಯಷ್ಟೂ ವ್ಯತ್ಯಾಸ ಬೀಳದು. ಅದಕ್ಕೆ ಸ್ವಂತ ದನಿಯೇ ಇಲ್ಲ. ಟಿವಿ ರಿಮೋಟ್ ಚಿತ್ರ ತೋರಿಸದೆ ಬರೀ ಅಪ್ಪಣೆ ಕಳಿಸುವಂತೆ, ಇದು ಯಾವ ನಾಬ್ ಎಷ್ಟು ತಿರುಗಿತು, ಯಾವ ಫೇಡರ್ ಎಲ್ಲಿಯವರೆಗೆ ಸರಿಯಿತು ಎಂಬ ಲೆಕ್ಕವನ್ನಷ್ಟೇ ಯುಎಸ್‌ಬಿ ತಂತಿಯಲ್ಲಿ ಕಂಪ್ಯೂಟರಿಗೆ ರವಾನಿಸುತ್ತದೆ. ಸದ್ದು ಹುಟ್ಟುವುದು ಕಂಪ್ಯೂಟರಿನೊಳಗೆ.

ಹಾಗಿದ್ದರೂ ಇಂಥ ಪೆಟ್ಟಿಗೆಗಳನ್ನು ಮರದಲ್ಲಿ ಮಾಡುವವರು ಲೋಕದ ಎಲ್ಲೆಡೆ ಇದ್ದಾರೆ. ಬೆಂಗಳೂರಿನಲ್ಲಿ ಕೂತು ನಾನೂ ಮಾಡುತ್ತೇನೆ. ನೋಡಿದವರು ಮೊದಲು ಆಡುವ ಮಾತು 'ಶೋಕಿಗಾ?' ಎಂಬುದು. ಮರ ಚೆಂದ ಕಾಣುತ್ತದೆ, ನಿಜ. ಆದರೆ ನನ್ನ ಮಟ್ಟಿಗೆ ಈ ಕೆಲಸದ ತಿರುಳು ಬೇರೆ ಇದೆ. ಯಾವ ನಾಬ್ ಎಲ್ಲಿ ಕೂರಬೇಕು, ಎಷ್ಟು ದೊಡ್ಡದಿರಬೇಕು, ಕೈ ಎಲ್ಲಿ ಒರಗಬೇಕು ಎಂದು ತೀರ್ಮಾನಿಸುವುದು ಸಂಗೀತದ ತೀರ್ಮಾನವೇ. ಕಾರ್ಖಾನೆ ಆ ತೀರ್ಮಾನವನ್ನು ಲಕ್ಷಾಂತರ ಕೈಗಳಿಗೆ ಒಟ್ಟಾಗಿ ಮಾಡಿಬಿಡುತ್ತದೆ. ಒಂದೇ ಒಂದು ಕೈಗೆ ಅಂತ ಮಾಡಬೇಕಾದಾಗ ಮರದಷ್ಟು ಮಾತು ಕೇಳುವ ವಸ್ತು ಇನ್ನೊಂದಿಲ್ಲ. ಉಳಿಯಿಂದ ಒಂದು ಪದರ ತೆಗೆಯಬಹುದು, ತಪ್ಪು ತೂತು ಮುಚ್ಚಬಹುದು, ಅಂಗೈ ತಾಗುವ ಅಂಚನ್ನು ಸಂಜೆಯೊಳಗೆ ದುಂಡಗಾಗಿಸಬಹುದು.

ಎಲೆಕ್ಟ್ರಾನಿಕ್ ವಾದ್ಯಕ್ಕೂ ಮರಕ್ಕೂ ಇರುವ ನಂಟು ಹಳೆಯದು. ರಷ್ಯಾದ ಲೆವ್ ಥೆರೆಮಿನ್ 1920ರ ಆಸುಪಾಸಿನಲ್ಲಿ ರೂಪಿಸಿದ, ಅವರ ಹೆಸರನ್ನೇ ಹೊತ್ತ ಥೆರೆಮಿನ್ ವಾದ್ಯವನ್ನು ಮುಟ್ಟದೆಯೇ ನುಡಿಸುತ್ತಾರೆ. ಅದರ ಎರಡು ಆಂಟೆನಾಗಳ ಬಳಿ ಕೈ ಆಡಿಸಿದರೆ ವಿದ್ಯುತ್ ಕ್ಷೇತ್ರ ಬದಲಾಗಿ ಸ್ವರ ಏರಿಳಿಯುತ್ತದೆ, ಸದ್ದು ಹೆಚ್ಚು ಕಡಿಮೆಯಾಗುತ್ತದೆ. ಅಮೆರಿಕದ ಆರ್‌ಸಿಎ ಕಂಪನಿ 1929ರಲ್ಲಿ ಇದನ್ನು ಮಾರುಕಟ್ಟೆಗೆ ತಂದಾಗ ಮರದ ಕ್ಯಾಬಿನೆಟ್‌ನಲ್ಲೇ ತಂದಿತು. ಇಲ್ಲಿ ಮರಕ್ಕೆ ಕೆಲಸವೂ ಇತ್ತು. ಸುತ್ತ ಲೋಹದ ಕವಚವಿದ್ದರೆ ಆಂಟೆನಾದ ಕ್ಷೇತ್ರವನ್ನು ಅದೇ ಕೆಡಿಸುತ್ತದೆ, ಮರ ತನ್ನ ಪಾಡಿಗೆ ತಾನಿರುತ್ತದೆ.

ನನಗೆ ಇನ್ನೂ ಇಷ್ಟವಾದದ್ದು ಫ್ರಾನ್ಸಿನ ಓಂದ್ ಮಾರ್ತೆನೊ. ಮೋರಿಸ್ ಮಾರ್ತೆನೊ ಚೆಲ್ಲೊ ವಾದಕರು, ಮೊದಲ ಮಹಾಯುದ್ಧದಲ್ಲಿ ರೇಡಿಯೊ ವಿಭಾಗದಲ್ಲಿ ದುಡಿದವರು. 1928ರಲ್ಲಿ ಪ್ಯಾರಿಸ್‌ನಲ್ಲಿ ತಮ್ಮ ವಾದ್ಯವನ್ನು ಜನರ ಮುಂದಿಟ್ಟರು. ಅದರ ಮುಂದಿನ ಮಾದರಿಗಳಲ್ಲಿ ಎಡಗೈ ಪಕ್ಕಕ್ಕೆ ಒಂದು ಪುಟ್ಟ ಮರದ ಡ್ರಾಯರ್ ಬಂತು. ಅದನ್ನು ಎಳೆದರೆ ಒಳಗೊಂದು ಒತ್ತುಗುಂಡಿ, ಅದರ ಸುತ್ತ ನಾದದ ಬಣ್ಣ ಬದಲಿಸುವ ಸ್ವಿಚ್ಚುಗಳು. ಗುಂಡಿಯ ಕೆಳಗಿನ ಪುಟ್ಟ ಚೀಲದಲ್ಲಿ ವಿದ್ಯುತ್ ಹರಿಯುವ ಪುಡಿ ತುಂಬಿತ್ತು. ಬೆರಳು ಒತ್ತಿದಷ್ಟೂ ಪುಡಿ ಬಿಗಿಯಾಗಿ ವಿದ್ಯುತ್ತಿನ ತಡೆ ತಗ್ಗಿ ಸದ್ದು ಏರುತ್ತಿತ್ತು. ಬಲಗೈ ಸ್ವರ ಹಿಡಿದರೆ ಎಡಗೈ ಉಸಿರು ಕೊಡುತ್ತಿತ್ತು. ಇಂದು ನಾವು ಕಂಟ್ರೋಲರ್ ಎನ್ನುವುದೆಲ್ಲ ಆ ಡ್ರಾಯರಿನ ಮಕ್ಕಳು ಎಂದೇ ನನ್ನ ಎಣಿಕೆ. ಚೆಲ್ಲೊ ನುಡಿಸಿದ ಕೈಗೆ ಕಮಾನಿನ ಒತ್ತಡ ಗೊತ್ತಿತ್ತು. ವಿದ್ಯುತ್ತಿನಲ್ಲೂ ಅದೇ ಬೇಕು ಎಂದು ಹಟ ಹಿಡಿದದ್ದರಿಂದ ಆ ಗುಂಡಿ ಹುಟ್ಟಿತು.

ಇನ್ನೊಂದು ಹೆಸರು ರಾಬರ್ಟ್ ಮೂಗ್. ಸಿಂಥಸೈಜರ್‌ಗೆ ಕೈಹಾಕುವ ಮೊದಲು, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ತಂದೆಯೊಂದಿಗೆ ಸೇರಿ ಥೆರೆಮಿನ್ ಮಾಡಿ ಮಾರಿದವರು ಅವರು. 1970ರಲ್ಲಿ ಅವರ ಕಂಪನಿ ಹೊರತಂದ ಮಿನಿಮೂಗ್‌ಗೆ 44 ಕೀಲಿಗಳು, ಎತ್ತಿ ನಿಲ್ಲಿಸಬಹುದಾದ ನಾಬ್‌ಗಳ ಫಲಕ, ಸುತ್ತ ಮರದ ಚೌಕಟ್ಟು. ಇದನ್ನು ಹತ್ತಿರದಿಂದ ನೋಡಿದರೆ ಒಂದು ಜಾಣತನ ಕಾಣುತ್ತದೆ. ನಾಬ್‌ಗಳು ಕೂತಿರುವುದು ಲೋಹದ ತಟ್ಟೆಯಲ್ಲಿ, ಕೈ ತಾಗುವುದು ಮರಕ್ಕೆ. ಇವತ್ತಿಗೂ ಮನೆಯಲ್ಲಿ ಕಂಟ್ರೋಲರ್ ಮಾಡುವವರಲ್ಲಿ ಹಲವರು ಹಿಡಿಯುವ ದಾರಿ ಅದೇ. ಯಾಕೆಂಬುದನ್ನು ಮುಂದೆ ಹೇಳುತ್ತೇನೆ. ಮೂಗ್ ಸಿಂಥಸೈಜರ್ ನಮ್ಮ ದೇಶಕ್ಕೂ ಬೇಗನೇ ಬಂದಿತ್ತು. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅದನ್ನಿಟ್ಟು ಸ್ಟುಡಿಯೊ ಕಟ್ಟಿಕೊಟ್ಟರು, ಗೀತಾ ಸಾರಾಭಾಯಿ ಮೊದಲಾದವರು ಅಲ್ಲಿ ಸಂಗೀತ ರಚಿಸಿದರು. ಆ ಧ್ವನಿಮುದ್ರಣಗಳು ಅರ್ಧ ಶತಮಾನದ ನಂತರವಷ್ಟೇ ಜಗತ್ತಿನ ಕಿವಿಗೆ ಬಿದ್ದವು.

ಮರವೂ ನಾಬ್‌ಗಳೂ ಒಟ್ಟಿಗೇ ಮಾಯವಾಗತೊಡಗಿದ್ದು 1983ರ ಹೊತ್ತಿಗೆ. ಆ ವರ್ಷ ಯಮಹಾದ ಡಿಎಕ್ಸ್7 ಬಂತು. ಸಾಲುಸಾಲು ಚಪ್ಪಟೆ ಗುಂಡಿಗಳು, ಅವುಗಳ ಮೌಲ್ಯ ಬದಲಿಸಲು ಒಂದೇ ಒಂದು ಸರಿಸುವ ಪಟ್ಟಿ. ನಾದವನ್ನು ಕೈಯಿಂದ ಕೆತ್ತುವ ಬದಲು ಸಂಖ್ಯೆಗಳಲ್ಲಿ ನಮೂದಿಸಬೇಕಾಯಿತು. ಅದೇ ವರ್ಷದ ಜನವರಿಯಲ್ಲಿ, ಅಮೆರಿಕದ ವಾದ್ಯ ವ್ಯಾಪಾರ ಮೇಳದಲ್ಲಿ, ಸೀಕ್ವೆನ್ಶಿಯಲ್ ಸರ್ಕಿಟ್ಸ್ ಕಂಪನಿಯ ಪ್ರಾಫೆಟ್-600ಗೂ ರೋಲ್ಯಾಂಡ್‌ನ ಜುಪಿಟರ್-6ಗೂ ತಂತಿ ಜೋಡಿಸಿ ಒಂದರ ಕೀಲಿ ಒತ್ತಿ ಇನ್ನೊಂದನ್ನು ನುಡಿಸಿ ತೋರಿಸಿದರು. ಅದು ಮಿಡಿ, ಬೇರೆ ಬೇರೆ ಕಂಪನಿಗಳ ವಾದ್ಯಗಳು ಮಾತಾಡಿಕೊಳ್ಳುವ ಸಮಾನ ಭಾಷೆ. ಆ ಎರಡು ಕಂಪನಿಗಳನ್ನು ಕಟ್ಟಿದ ಡೇವ್ ಸ್ಮಿತ್, ಇಕುಟಾರೊ ಕಾಕೆಹಾಶಿ ಇಬ್ಬರಿಗೂ ಇದಕ್ಕಾಗಿ ಮೂವತ್ತು ವರ್ಷ ಕಳೆದು 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಸಂದಿತು. ಹೀಗೆ ಒಂದೇ ವರ್ಷ ನಾಬ್ ಕಿತ್ತುಕೊಂಡಿತು, ಅದನ್ನು ಹಿಂದಕ್ಕೆ ಪಡೆಯುವ ದಾರಿಯನ್ನೂ ಕೊಟ್ಟಿತು. ಮಿಡಿ ಇದ್ದದ್ದರಿಂದಲೇ ಸದ್ದು ಮಾಡುವ ಯಂತ್ರ ಒಂದು ಕಡೆ, ಅದನ್ನು ಆಳುವ ಪೆಟ್ಟಿಗೆ ಇನ್ನೊಂದು ಕಡೆ ಇರುವುದು ಸಾಧ್ಯವಾಯಿತು.

ಆಮೇಲೆ ಸಂಗೀತ ಲ್ಯಾಪ್‌ಟಾಪಿಗೆ ಇಳಿಯಿತು. ಮೌಸಿನ ಒಂದು ಬಾಣದ ತುದಿಯಲ್ಲಿ ಒಮ್ಮೆಗೆ ಒಂದೇ ನಾಬ್ ತಿರುಗಿಸಬಹುದು, ಹತ್ತು ಬೆರಳಿದ್ದೂ ಒಂಬತ್ತು ನಿರುದ್ಯೋಗಿ. ಆಬಲ್ಟನ್ ಲೈವ್ ಎಂಬ ತಂತ್ರಾಂಶ ಕಟ್ಟಿದವರಲ್ಲಿ ಒಬ್ಬರಾದ ಜರ್ಮನಿಯ ರಾಬರ್ಟ್ ಹೆಂಕೆಗೇ ಇದು ಸಾಲಲಿಲ್ಲ. ತಮ್ಮ ಕಛೇರಿಗಳಿಗೆಂದು ಮೋನೊಡೆಕ್ ಎಂಬ ಕಂಟ್ರೋಲರ್ ತಾವೇ ಮಾಡಿಕೊಂಡರು, 2005ರಲ್ಲಿ ಅದರ ಎರಡನೇ ರೂಪವನ್ನೂ ಕಟ್ಟಿದರು. 2006ರಲ್ಲಿ ಅಮೆರಿಕದ ಬ್ರಯನ್ ಕ್ರ್ಯಾಬ್‌ಟ್ರೀ, ಕೆಲ್ಲಿ ಕೇನ್ ಜೋಡಿ ಮೋನೋಮ್ ಎಂಬ ಹೆಸರಿನಲ್ಲಿ ಬೆಳಕಿನ ಗುಂಡಿಗಳ ಚೌಕವೊಂದನ್ನು ಸಣ್ಣ ಸಂಖ್ಯೆಯಲ್ಲಿ ಮಾಡಿ ಕೊಡತೊಡಗಿತು. ಮುಂದೆ ಅದಕ್ಕೆ ವಾಲ್‌ನಟ್ ಮರದ ಮೈ ಬಂತು. ಮೇಲೆ ಒಂದಕ್ಷರ ಬರಹವಿಲ್ಲ. ಯಾವ ಗುಂಡಿ ಏನು ಮಾಡಬೇಕೆಂಬುದು ನುಡಿಸುವವರಿಗೆ ಬಿಟ್ಟದ್ದು. ನನ್ನಂಥ ಅನೇಕರಿಗೆ ಮರದ ಹುಚ್ಚು ಹತ್ತಿಸಿದ್ದು ಈ ಮೋನೋಮ್.

ಈಗ ಒಂದು ಪೆಟ್ಟಿಗೆಯ ವಿಷಯ ವಿವರವಾಗಿ ಹೇಳುತ್ತೇನೆ. ಅದು ನನ್ನ ಗೆಳೆಯನದು. ನಾಟಕ ತಂಡವೊಂದಕ್ಕೆ ಧ್ವನಿ ನೋಡಿಕೊಳ್ಳುವವನು. ರಂಗದ ಪಕ್ಕದ ಸೈಡ್‌ವಿಂಗ್‌ನಲ್ಲಿ, ಕತ್ತಲಲ್ಲಿ, ಲ್ಯಾಪ್‌ಟಾಪ್ ಪರದೆಯ ಬೆಳಕನ್ನೂ ತಗ್ಗಿಸಿಕೊಂಡು ಕೂತು ಮಳೆ, ಗಾಳಿ, ಗುಡುಗು, ತಂಬೂರಿ, ದೂರದ ಗಂಟೆ ಎಲ್ಲವನ್ನೂ ನಟರ ಉಸಿರಿಗೆ ಹೊಂದಿಸಿ ಏರಿಸಿ ಇಳಿಸುವುದು ಅವನ ಕೆಲಸ. ಅಂಗಡಿಯ ಕಂಟ್ರೋಲರ್‌ಗಳಲ್ಲಿ ಕೆಂಪು ಹಸಿರು ದೀಪಗಳು ಝಗಮಗಿಸುತ್ತವೆ. ರಂಗದ ಮೇಲೆ ಅರಣ್ಯದ ರಾತ್ರಿ ನಡೆಯುವಾಗ ವಿಂಗ್‌ನಿಂದ ಹಸಿರು ಬೆಳಕು ಸೋರಿದರೆ ನಿರ್ದೇಶಕರು ಸುಮ್ಮನಿರುತ್ತಾರೆಯೇ? 'ಕಣ್ಣಿಗೆ ಕಾಣೋದು ಬೇಡ ಕಣೋ, ಕೈಗೆ ಸಿಕ್ಕರೆ ಸಾಕು' ಅಂದ ಗೆಳೆಯ. ಆ ಒಂದು ಮಾತೇ ಪೂರ್ತಿ ನಕ್ಷೆ.

ಮೊದಲ ಪೆಟ್ಟಿಗೆ ರಟ್ಟಿನದು. ಇದನ್ನು ಯಾರೂ ತಪ್ಪಿಸಬಾರದು. ನಿಜವಾದ ನಾಬ್, ಫೇಡರ್‌ಗಳನ್ನು ರಟ್ಟಿನಲ್ಲಿ ಸಿಕ್ಕಿಸಿ, ತಂತಿ ಏನೂ ಜೋಡಿಸದೆ, ಅವನ ಮುಂದಿಟ್ಟೆ. ಅವನು ಹಳೆಯ ನಾಟಕದ ಮುದ್ರಿಕೆ ಹಾಕಿಕೊಂಡು ದೃಶ್ಯದ ಮೇಲೆ ದೃಶ್ಯ ಮೂಕವಾಗಿ ನುಡಿಸಿದ. ಎಷ್ಟೋ ಸಂಗತಿ ಆಗಲೇ ಹೊರಬಿದ್ದವು. ಮಳೆ ಇಳಿಯುತ್ತಿರುವಾಗಲೇ ಗಾಳಿ ಏಳಬೇಕು, ಆದ್ದರಿಂದ ಅವೆರಡರ ಫೇಡರ್‌ಗಳು ಒಂದೇ ಕೈಯ ಹೆಬ್ಬೆರಳಿಗೂ ಮಧ್ಯದ ಬೆರಳಿಗೂ ಒಟ್ಟಿಗೆ ಸಿಗಬೇಕು. ಅವನ ಕೈಗೆ ಆ ಅಂತರ 45 ಮಿಲಿಮೀಟರ್ ಬಂತು. ತಂಬೂರಿಯ ನಾಬ್ ನಾಟಕದುದ್ದಕ್ಕೂ ಬಹುಪಾಲು ಅಲುಗುವುದಿಲ್ಲ, ಅದಕ್ಕೆ ಉಳಿದವುಗಳ ಗುಂಪಿನಲ್ಲಿ ಜಾಗ ಬೇಡ, ಮೇಲಿನ ಎಡಮೂಲೆಗೆ ಹೋಗಲಿ. ಎಲ್ಲವನ್ನೂ ಮೌನಕ್ಕೆ ಇಳಿಸುವ ಫೇಡರ್ ಬಲಗಡೆ ಕೊನೆಗೆ, ಅದೂ ಉಳಿದವು 60 ಮಿ.ಮೀ. ಸರಿದರೆ ಇದು 100 ಮಿ.ಮೀ. ಸರಿಯುವಂಥದ್ದು, ಮೌನಕ್ಕೆ ಇಳಿಯುವ ದಾರಿ ಉದ್ದವಿದ್ದಷ್ಟೂ ನಯ. ನಾಬ್‌ಗಳ ನಡುವೆ 30 ಮಿ.ಮೀ. ಬಿಟ್ಟೆವು. ಇದಕ್ಕಿಂತ ಒತ್ತಾದರೆ ಪಕ್ಕದ ನಾಬ್‌ಗೆ ಗೆಣ್ಣು ತಾಗುತ್ತದೆ. ನೋಡಿ, ಇವುಗಳಲ್ಲಿ ಒಂದೂ ಮರಗೆಲಸದ ಮಾತಲ್ಲ, ಎಲೆಕ್ಟ್ರಾನಿಕ್ಸಿನ ಮಾತೂ ಅಲ್ಲ. ಎಲ್ಲವೂ ನಾಟಕದಿಂದ ಬಂದವು.

ಮರ ಯಾವುದು ಎಂಬುದು ಆಮೇಲಿನ ಪ್ರಶ್ನೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆ ಹೋದರೆ ಬೇಕಾದ್ದು ಸಿಗುತ್ತದೆ. ಕಾಫಿ ತೋಟದ ನೆರಳಿನ ಮರವಾದ ಸಿಲ್ವರ್ ಓಕ್ ಅಗ್ಗ, ಎಳೆ ಚೆಂದ, ಆದರೆ ಮೆದು. ಬೀಟೆ ನೋಡಲು ರಾಜ, ಆದರೆ ಅದರ ಕಡಿತಕ್ಕೂ ಸಾಗಣೆಗೂ ಕಟ್ಟಳೆಗಳಿವೆ, ವಿದೇಶಕ್ಕೆ ಕಳಿಸುವುದಾದರೆ ಅಳಿವಿನಂಚಿನ ಪ್ರಭೇದಗಳ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದವನ್ನೂ ನೋಡಿಕೊಳ್ಳಬೇಕು. ಪುಟ್ಟ ಪೆಟ್ಟಿಗೆಗೆ ಅಷ್ಟು ದೊಡ್ಡ ಮರ ಉರುಳುವುದು ನನ್ನ ಮನಸ್ಸಿಗೂ ಒಗ್ಗದು. ನಾನು ಹುಡುಕುವುದು ಹಳೆ ಮನೆ ಕೆಡವಿದಾಗ ಬರುವ ತೇಗದ ಬಾಗಿಲು, ಕಿಟಕಿಯ ಚೌಕಟ್ಟು. ದಶಕಗಳ ಕಾಲ ಗೋಡೆಯಲ್ಲಿದ್ದು ಬಿಸಿಲು ಮಳೆ ಕಂಡ ಮರ ಇನ್ನು ಹೊಸದಾಗಿ ತಿರುಚಿಕೊಳ್ಳುವುದು ಕಡಿಮೆ. ತೊಂದರೆ ಇರುವುದು ಒಳಗೆ ಮುರಿದುಳಿದ ಮೊಳೆಗಳದು. ಮೊಳೆಗೆ ಸಿಕ್ಕಿದ ಬ್ಲೇಡ್ ಹಾಳು, ಕೆಲವೊಮ್ಮೆ ಕೈಯೂ. ಅದಕ್ಕೇ ಗರಗಸ ಮುಟ್ಟಿಸುವ ಮುನ್ನ ಹಲಗೆಯ ಮೇಲೆಲ್ಲ ಬಲವಾದ ಆಯಸ್ಕಾಂತ ಸರಿಸಿ ನೋಡುತ್ತೇನೆ.

ದೊಡ್ಡ ಕೊಯ್ತಕ್ಕೆ, ಕೀಸುವುದಕ್ಕೆ ನಮ್ಮ ಬಡಾವಣೆಯ ಆಚಾರ್ರ ಅಂಗಡಿಯೇ ಆಸರೆ. ನಕ್ಷೆ ನೋಡಿ ಅವರು ಕೇಳಿದ ಮೊದಲ ಪ್ರಶ್ನೆ, 'ಸಾರ್, ಇದು ಮಳೆ ಊರಿಗೂ ಹೋಗುತ್ತಾ?'

'ಹೌದು ಆಚಾರ್ರೇ, ಬಳ್ಳಾರಿಗೂ ಹೋಗುತ್ತೆ, ಸಾಗರಕ್ಕೂ ಹೋಗುತ್ತೆ.'

'ಹಂಗಾದ್ರೆ ತಟ್ಟೆಗೆ ಬಿಗಿ ಸ್ಕ್ರೂ ಹಾಕಬೇಡಿ. ಮರಕ್ಕೆ ಉಸಿರಾಡೋಕೆ ಜಾಗ ಬಿಡಿ.'

ಅವರ ಮಾತಿನ ಹಿಂದಿರುವ ವಿಜ್ಞಾನ ಸರಳ. ಮರ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಒಣಹವೆಯಲ್ಲಿ ಕುಗ್ಗುತ್ತದೆ. ಎಳೆಯುದ್ದಕ್ಕೆ ಈ ಬದಲಾವಣೆ ಲೆಕ್ಕಕ್ಕಿಲ್ಲ, ಎಳೆಗೆ ಅಡ್ಡಲಾಗಿ ಸಾಕಷ್ಟಿದೆ. ಕಡಿಮೆ ಅಲುಗುವ ಮರಗಳಲ್ಲಿ ಒಂದೆಂದು ಹೆಸರಾದ ತೇಗ ಕೂಡ, 30 ಸೆಂಟಿಮೀಟರ್ ಅಗಲದ ಹಲಗೆಯಾದರೆ, ಬಯಲುಸೀಮೆಯ ಬೇಸಿಗೆಯಿಂದ ಮಲೆನಾಡಿನ ಮಳೆಗಾಲಕ್ಕೆ ಹೋದಾಗ ಎರಡು ಮಿಲಿಮೀಟರ್‌ನಷ್ಟು ಹಿಗ್ಗಬಲ್ಲದು. ಅಲ್ಯೂಮಿನಿಯಂ ತಟ್ಟೆ ಹಾಗೆ ಹಿಗ್ಗುವುದಿಲ್ಲ. ಎರಡನ್ನೂ ಬಿಗಿಯಾಗಿ ಕಟ್ಟಿಹಾಕಿದರೆ ಸೋಲುವುದು ಮರ: ಬಿರುಕು ಬಿಡುತ್ತದೆ, ಇಲ್ಲವೇ ಮೂಲೆಯ ಜೋಡಣೆ ಬಾಯಿ ತೆರೆಯುತ್ತದೆ. ಪರಿಹಾರ ಎರಡು. ನಾಲ್ಕು ಬದಿಗಳ ಎಳೆಯೂ ಚೌಕಟ್ಟಿನ ಸುತ್ತ ಅಡ್ಡಡ್ಡ ಓಡುವಂತೆ ಹಲಗೆ ಕತ್ತರಿಸಬೇಕು, ಆಗ ಪೆಟ್ಟಿಗೆಯ ಉದ್ದ ಅಗಲ ಕದಲುವುದಿಲ್ಲ, ಎತ್ತರ ಮಾತ್ರ ಒಂದಿಷ್ಟು ಏರಿಳಿಯುತ್ತದೆ. ಅಡಿಹಲಗೆ ಮರದ್ದಾದರೆ ಅದರ ಸ್ಕ್ರೂ ತೂತುಗಳನ್ನು ದುಂಡಗೆ ಕೊರೆಯದೆ ಉದ್ದುದ್ದ ಕೊರೆಯಬೇಕು. ಅಲ್ಲಿಗೆ ಪ್ಲೈವುಡ್ ಹಾಕಿದರೆ ಆ ತಾಪತ್ರಯವೂ ಇಲ್ಲ, ಪದರಗಳ ಎಳೆ ಒಂದಕ್ಕೊಂದು ಅಡ್ಡವಿರುವುದರಿಂದ ಅದು ಅಲುಗುವುದೇ ಕಡಿಮೆ.

ಮೇಲಿನ ತಟ್ಟೆಯೂ ಮರದ್ದೇ ಯಾಕಾಗಬಾರದು ಎಂದು ಹೊಸಬರೆಲ್ಲ ಕೇಳುತ್ತಾರೆ. ಒಂದು ನಾಬ್ ಕೆಳಗಿನ ಪೊಟೆನ್ಶಿಯೊಮೀಟರ್ ಕೈಗೆತ್ತಿಕೊಳ್ಳಿ. ಅದರ ಕತ್ತಿನಲ್ಲಿ ತಿರುಪಿನ ಗೆರೆಗಳಿರುವ ಭಾಗ ಸಾಮಾನ್ಯವಾಗಿ 6-7 ಮಿ.ಮೀ. ಉದ್ದ. ಅದರಲ್ಲಿ ನಟ್ಟಿಗೂ ವಾಷರಿಗೂ ಮೂರು ಮಿಲಿಮೀಟರ್ ಹೋದರೆ ತಟ್ಟೆಗೆ ಉಳಿಯುವುದು ಹೆಚ್ಚೆಂದರೆ ನಾಲ್ಕು. ಅಷ್ಟು ತೆಳುವಾಗಿ ಸೀಳಿದ ತೇಗ ಬೆರಳೊತ್ತಿಗೇ ಸೀಳುತ್ತದೆ. ಮರವೇ ಬೇಕೆನ್ನುವವರು ದಪ್ಪ ಹಲಗೆಗೆ ಕೆಳಗಿನಿಂದ ಅಗಲವಾದ ಗುಂಡಿ ಕೊರೆದು, ನಾಬ್ ಇರುವಲ್ಲಿ ಮಾತ್ರ ತೆಳುವಾಗಿಸುತ್ತಾರೆ. ಚೆಲುವಾದ ಕೆಲಸ, ಆದರೆ ಬೈರಿಗೆ ಒಂದಿಷ್ಟು ಹೆಚ್ಚು ಇಳಿದರೆ ಮೇಲ್ಮೈಯೇ ತೂತು. ಫೇಡರ್‌ನ ಸೀಳು ಇನ್ನೂ ಕಷ್ಟ, ಎಳೆಯ ಜೊತೆಗೆ ಓಡುವ ಉದ್ದನೆಯ ಸೀಳು ಮರಕ್ಕೆ ಒಡೆಯಲು ದಾರಿ ತೋರಿಸಿದಂತೆ. ಮೂಗ್ ಕಂಪನಿಯವರು ನಾಬ್‌ಗೆ ಲೋಹ, ಕೈಗೆ ಮರ ಎಂದು ಪಾಲು ಮಾಡಿದ್ದು ಇದಕ್ಕೇ ಇರಬೇಕು. ಲೋಹದ ತಟ್ಟೆಗೆ ಇನ್ನೊಂದು ಉಪಕಾರವೂ ಇದೆ: ಅದನ್ನು ಗ್ರೌಂಡ್‌ಗೆ ಜೋಡಿಸಿದರೆ ಬೆರಳಿನಿಂದ ಬರುವ ಸ್ಥಿರವಿದ್ಯುತ್ತು ಸದ್ದಿಲ್ಲದೆ ಹರಿದುಹೋಗುತ್ತದೆ. ತಟ್ಟೆ ಮರದ್ದಾದರೆ ಎಲ್ಲ ಪೊಟೆನ್ಶಿಯೊಮೀಟರ್‌ಗಳ ಲೋಹದ ಬೆನ್ನಿಗೂ ಒಂದು ಬರಿಯ ತಾಮ್ರದ ತಂತಿ ಸುತ್ತಿ ಗ್ರೌಂಡ್‌ಗೆ ಕೊಡಬೇಕು. ಗೆಳೆಯನ ಪೆಟ್ಟಿಗೆಗೆ 2 ಮಿ.ಮೀ. ಅಲ್ಯೂಮಿನಿಯಂ ತಟ್ಟೆ ಹಾಕಿ ಕಪ್ಪು ಮಾಡಿಸಿದೆ, ರಂಗದ ದೀಪ ಬಿದ್ದರೂ ಹೊಳೆಯಬಾರದು.

ಕತ್ತಲಲ್ಲಿ ನಾಬ್‌ಗಳನ್ನು ಬೇರೆ ಬೇರೆ ಎಂದು ಗುರುತಿಸುವುದು ಹೇಗೆ? ಇದಕ್ಕೆ ಚನ್ನಪಟ್ಟಣ ಉತ್ತರ ಕೊಟ್ಟಿತು. ಅಲ್ಲಿಯ ಕುಶಲಕರ್ಮಿಗಳು ಹಾಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ತಿರುಗುತ್ತಿರುವಾಗಲೇ ಉಳಿಯಿಂದ ರೂಪ ಕೊಟ್ಟು, ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ, ಮೇಲೆ ಒಣಗಿದ ಗರಿ ಹಿಡಿದರೆ ಕನ್ನಡಿಯ ನುಣುಪು. ಬೊಂಬೆಯ ತಲೆ, ಬಳೆ, ಬುಗುರಿ ಮಾಡಿದ ಕೈಗೆ ನಾಬ್ ಏನು ಮಹಾ. ಆದರೆ ನಾನು ಕೆಲವಕ್ಕೆ ಅರಗು ಬೇಡ, ಮರ ಹಾಗೇ ಬರಿದಾಗಿರಲಿ ಎಂದಾಗ ಲೇತಿನ ಮುಂದಿದ್ದ ಹಿರಿಯರಿಗೆ ಅದು ಅರೆಬರೆ ಕೆಲಸವೆನಿಸಿ ಬೇಸರವಾಯಿತು. ವಿಷಯ ವಿವರಿಸಿದ ಮೇಲೆ ಅವರೇ ಮುಂದಾಗಿ ಇನ್ನೆರಡಕ್ಕೆ ಉಳಿಯ ತುದಿಯಿಂದ ಸಣ್ಣ ಉಂಗುರಗೆರೆ ಹಾಕಿಕೊಟ್ಟರು. ಹೀಗೆ ಮೂರು ಬಗೆಯ ಸ್ಪರ್ಶ ಸಿಕ್ಕಿತು: ನುಣುಪಾದದ್ದು, ಒರಟಾದದ್ದು, ಗೆರೆಯುಳ್ಳದ್ದು. ಗುಡುಗಿಗೆ ಒರಟು, ಗಂಟೆಗೆ ಗೆರೆ. ಪೊಟೆನ್ಶಿಯೊಮೀಟರ್‌ನ ದಂಡ 6 ಮಿ.ಮೀ. ದಪ್ಪ. ಮರಕ್ಕೆ ನೇರವಾಗಿ ಅಷ್ಟೇ ತೂತು ಕೊರೆದು ಒತ್ತಿ ಕೂರಿಸಿದರೆ ಕೆಲವು ತಿಂಗಳಲ್ಲಿ ಸಡಿಲವಾಗುತ್ತದೆ. ಒಳಗೊಂದು ಹಿತ್ತಾಳೆಯ ಕೊಳವೆ ಅಂಟಿಸಿ, ಪಕ್ಕದಿಂದ ಸಣ್ಣ ಸ್ಕ್ರೂ ಬಿಗಿದರೆ ಗಟ್ಟಿ.

ಒಳಗಿನ ವಿದ್ಯುತ್ ಕೆಲಸದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, ಈಗ ಅದು ಅಷ್ಟು ಸುಲಭ. ಎಸ್.ಪಿ. ರಸ್ತೆಯಲ್ಲಿ ಸಿಗುವ ಆರ್ಡುಯಿನೊ ಲಿಯೊನಾರ್ಡೊ ಬೋರ್ಡ್ ಕಂಪ್ಯೂಟರಿಗೆ ತಾನೇ ಮಿಡಿ ಸಾಧನವೆಂದು ಪರಿಚಯ ಹೇಳಿಕೊಳ್ಳಬಲ್ಲದು. 10 ಕಿಲೊಓಮ್‌ನ ಪೊಟೆನ್ಶಿಯೊಮೀಟರ್‌ಗಳ ಮೂರು ಕಾಲುಗಳಲ್ಲಿ ಒಂದಕ್ಕೆ 5 ವೋಲ್ಟ್, ಒಂದಕ್ಕೆ ಗ್ರೌಂಡ್, ನಡುವಿನದು ಬೋರ್ಡಿಗೆ. ಬೋರ್ಡು ಅದನ್ನು 0ರಿಂದ 1023ರವರೆಗಿನ ಸಂಖ್ಯೆಯಾಗಿ ಓದುತ್ತದೆ, ಮಿಡಿ ಕೇಳುವುದು 0ರಿಂದ 127. ಹೆಚ್ಚುವರಿ ಸಂಖ್ಯೆಗಳು ವ್ಯರ್ಥವಲ್ಲ, ಸಣ್ಣಪುಟ್ಟ ನಡುಕವನ್ನು ಸೋಸಲು ಅವು ಬೇಕು. ಸೋಸದೆ ಬಿಟ್ಟರೆ ಯಾರೂ ಮುಟ್ಟದ ನಾಬ್ ಕೂಡ 63, 64 ಎಂದು ತೂಗಾಡುತ್ತಲೇ ಇರುತ್ತದೆ. ನಾಬ್‌ಗಳ ಸಂಖ್ಯೆ ಬೋರ್ಡಿನ ಕಾಲುಗಳಿಗಿಂತ ಹೆಚ್ಚಾದರೆ ಸರದಿಯಲ್ಲಿ ಒಂದೊಂದನ್ನೇ ಓದಿಸುವ 4051 ಎಂಬ ಎಂಟು ದಾರಿಯ ಚಿಪ್ ಇದೆ. ಬಿಸಿಯಾಗುವ ಭಾಗ ಯಾವುದೂ ಇಲ್ಲದ್ದರಿಂದ ಪೆಟ್ಟಿಗೆಗೆ ಗಾಳಿಕಿಂಡಿ ಬೇಕಿಲ್ಲ.

ಮೆರುಗಿನ ವಿಷಯದಲ್ಲಿ ನನಗೆ ಖಚಿತ ಅಭಿಪ್ರಾಯವಿದೆ. ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನ ಫ್ರೆಂಚ್ ಪಾಲಿಶ್ ಕಪಾಟಿಗೆ ಚೆಂದ, ಸದಾ ಬೆವರುವ ಕೈ ತಾಗುವ ಜಾಗಕ್ಕೆ ಅಲ್ಲ, ಬೇಗ ಮಂಕಾಗುತ್ತದೆ. ಪಿಯು ಲೇಪ ಗಟ್ಟಿ, ಆದರೆ ಮುಟ್ಟಿದರೆ ಪ್ಲಾಸ್ಟಿಕ್ ಮುಟ್ಟಿದಂತೆ. ಮರ ಬೇಕೆಂದು ಇಷ್ಟು ಪಾಡುಪಟ್ಟ ಮೇಲೆ ಅದರ ಮೈಯನ್ನು ಬೆರಳಿಗೆ ಮುಟ್ಟಗೊಡದಿದ್ದರೆ ಏನು ಬಂತು? ಉಪ್ಪುಕಾಗದದಲ್ಲಿ 320ರವರೆಗೆ ತಿಕ್ಕಿ, ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿ ಒಣಗಲು ಬಿಟ್ಟು, ಮತ್ತೆ ಸವರಿ, ಕೊನೆಗೆ ಜೇನುಮೇಣ ಉಜ್ಜುತ್ತೇನೆ. ಕೈ ಆಡಿದಷ್ಟೂ ಅದು ಮಾಗುತ್ತದೆ, ಗೀರು ಬಿದ್ದರೆ ಅಲ್ಲಷ್ಟೇ ಮತ್ತೆ ಎಣ್ಣೆ ಸವರಬಹುದು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹೊಮ್ಮುತ್ತದೆ, ಮುದ್ದೆಯೊಳಗೆ ಆ ಬಿಸಿ ಕೂಡಿ ತಾನಾಗಿ ಬೆಂಕಿ ಹತ್ತಬಹುದು. ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿಡಿ.

ಮೂಲೆಗಳಿಗೆ ಅಂಟು ಸರಿ, ಅಡಿಹಲಗೆಗೆ ಮಾತ್ರ ಎಂದೂ ಅಂಟು ಹಾಕಬಾರದು. ಫೇಡರ್ ಸವೆಯುವ ವಸ್ತು, ಅದರೊಳಗೆ ದೂಳು ಸೇರುತ್ತದೆ, ಒಂದು ದಿನ ಬದಲಿಸಲೇಬೇಕು. ಪ್ಲಾಸ್ಟಿಕ್ ಕೊಕ್ಕೆಗಳಿಂದ ಮುಚ್ಚಿದ ಅಂಗಡಿಯ ಪೆಟ್ಟಿಗೆ ಬಿಚ್ಚಿದರೆ ಕೊಕ್ಕೆ ಮುರಿಯುತ್ತದೆ, ಆಮೇಲೆ ಅದು ಕಸ. ನಮ್ಮದನ್ನು ಒಂದು ಸ್ಕ್ರೂಡ್ರೈವರ್ ಇರುವ ಯಾರು ಬೇಕಾದರೂ, ಯಾವ ಊರಿನಲ್ಲಾದರೂ ಬಿಚ್ಚುವಂತಿರಬೇಕು. ಗೆಳೆಯನ ಪೆಟ್ಟಿಗೆಯ ಅಡಿಹಲಗೆಯ ಒಳಮೈಯಲ್ಲಿ ಯಾವ ತಂತಿ ಯಾವ ಕಾಲಿಗೆ, ಯಾವ ನಾಬ್‌ಗೆ ಮಿಡಿಯ ಯಾವ ಸಂಖ್ಯೆ, ಫೇಡರ್ ಯಾವ ಅಳತೆಯದು ಎಂದು ಪೂರ್ತಿ ಬರೆದಿದ್ದೇನೆ, ಕನ್ನಡದಲ್ಲಿ, ಮಾಸದ ಶಾಯಿಯಲ್ಲಿ. ಒಳಗೆ ಒಂದು ಬದಿಗೆ ಒಂದು ಹೊಸ 60 ಮಿ.ಮೀ. ಫೇಡರ್ ಅನ್ನೂ ನಾಲ್ಕು ಸ್ಕ್ರೂಗಳನ್ನೂ ಪುಟ್ಟ ಚೀಲದಲ್ಲಿ ಕಟ್ಟಿ ಇಟ್ಟಿದ್ದೇನೆ. ಹೋದ ಮಳೆಗಾಲದಲ್ಲಿ ಸಾಗರದ ಕಡೆ ಪ್ರದರ್ಶನವಿದ್ದಾಗ ಮಳೆಯ ಫೇಡರ್ ಕೈಕೊಟ್ಟಿತಂತೆ. ತಂಡದ ಬೆಳಕಿನ ಹುಡುಗ ಚಹಾ ವಿರಾಮದಲ್ಲಿ ಅದನ್ನು ಬಿಚ್ಚಿ, ಬರಹ ಓದಿಕೊಂಡು, ಬೆಸುಗೆ ಹಾಕಿ ಬದಲಿಸಿದ. ಈಗ ಅವನಿಗೂ ದೀಪ ನಡೆಸಲು ಒಂದು ಪೆಟ್ಟಿಗೆ ಬೇಕಂತೆ. ರಟ್ಟು ಕತ್ತರಿಸಿಟ್ಟಿದ್ದಾನೆ.